ಮರಳಿ ಪಡೆಯಬಹುದಾದದ್ದೆಲ್ಲ ಭೌತ ಬದಲಾವಣೆಯೇ?

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಹಿಂದಿನ ಸ್ಥಿತಿಗೆ ಮರಳಿಸಬಹುದಾದದ್ದು ಭೌತ ಬದಲಾವಣೆ, ಮರಳಿಸಲಾಗದ್ದು ರಾಸಾಯನಿಕ ಬದಲಾವಣೆ ಎಂದು ಅವಳಿಗೆ ಹೇಳಿಕೊಟ್ಟಿದ್ದೆ. ಒಡೆದ ಗಾಜನ್ನು ಮೊದಲಿನಂತೆ ಮಾಡಲಾಗುವುದಿಲ್ಲವಲ್ಲ, ಹಾಗಾದರೆ ಅದು ರಾಸಾಯನಿಕವೇ ಎಂದು ಅವಳು ಕೇಳಿದಳು. ಮೊಬೈಲ್ ಬ್ಯಾಟರಿ ದಿನವೂ ಖಾಲಿಯಾಗಿ ಮತ್ತೆ ತುಂಬಿಕೊಳ್ಳುತ್ತದೆ, ಅದು ಭೌತವೇ ಎಂದೂ ಕೇಳಿದಳು. ನೀರಿನಲ್ಲಿ ಉಪ್ಪು ಕರಗುವುದರ ಬಗ್ಗೆಯಂತೂ ನಾನು ನೋಡಿದ ಎರಡು ಪುಸ್ತಕಗಳಲ್ಲಿ ಎರಡು ಬಗೆಯ ಉತ್ತರವಿದೆ. ಸರಿಯಾದ ಅಳತೆಗೋಲು ಯಾವುದು?

ಉತ್ತರ: ನಿಮ್ಮ ಮಗಳ ಎರಡೂ ಪ್ರಶ್ನೆಗಳು ನ್ಯಾಯವಾದವು. ಅವಳ ತರ್ಕ ಸರಿಯಾಗಿದೆ. ಅವಳ ಕೈಗೆ ಕೊಟ್ಟ ಅಳತೆಗೋಲಿನಲ್ಲಿ ದೋಷವಿದೆ. ಕರಗಿದ ಮಂಜುಗಡ್ಡೆ ಮತ್ತೆ ಹೆಪ್ಪುಗಟ್ಟುತ್ತದೆ, ಸುಟ್ಟ ಕಾಗದ ಮತ್ತೆ ಕಾಗದವಾಗುವುದಿಲ್ಲ ಎಂಬ ಎರಡು ಉದಾಹರಣೆಗಳಿಗೆ ಆ ನಿಯಮ ಚೆನ್ನಾಗಿ ಹೊಂದುತ್ತದೆ, ಆದ್ದರಿಂದಲೇ ಅದು ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿದೆ. ಮೂರನೆಯ ಉದಾಹರಣೆಗೆ ಹೋದ ಕೂಡಲೇ ಅದು ಕೈಕೊಡುತ್ತದೆ. ಒಂದು ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದು ನಮ್ಮ ಬಳಿ ಇರುವ ಶಾಖ, ಸಲಕರಣೆ ಮತ್ತು ತಾಳ್ಮೆಗಳನ್ನು ಅವಲಂಬಿಸಿದ ಸಂಗತಿ. ವಸ್ತುವಿನ ಒಳಗೆ ಏನು ನಡೆಯಿತು ಎಂಬುದು ಅದಕ್ಕಿಂತ ಬೇರೆಯಾದ ಸಂಗತಿ. ಎರಡನ್ನೂ ಒಂದೇ ಎಂದುಕೊಂಡಾಗ ಗೊಂದಲ ಹುಟ್ಟುತ್ತದೆ.

ಕೇಳಬೇಕಾದ ಪ್ರಶ್ನೆ ಇಷ್ಟೇ: ಬದಲಾವಣೆಯ ಮೊದಲು ಇದ್ದ ವಸ್ತುವೇ ಬದಲಾವಣೆಯ ನಂತರವೂ ಇದೆಯೇ? ವಸ್ತು ಎಂದರೆ ಇಲ್ಲಿ ಆಕಾರವೂ ಅಲ್ಲ, ಬಣ್ಣವೂ ಅಲ್ಲ. ಯಾವ ಪರಮಾಣು ಯಾವ ಪರಮಾಣುವಿನೊಡನೆ ಬಂಧ ಬೆಸೆದುಕೊಂಡಿದೆ ಎಂಬುದೇ ವಸ್ತುವಿನ ಗುರುತು. ಆ ಬೆಸುಗೆ ಹಾಗೆಯೇ ಉಳಿದು ಅಣುಗಳು ದೂರ ಸರಿದರೆ, ಹತ್ತಿರ ಬಂದರೆ, ಬೇರೊಂದರ ಜೊತೆ ಬೆರೆತರೆ ಅದು ಭೌತ ಬದಲಾವಣೆ. ಹಳೆಯ ಬಂಧಗಳು ಕಡಿದು ಹೊಸ ಬಂಧಗಳು ಏರ್ಪಟ್ಟರೆ ಅದು ರಾಸಾಯನಿಕ ಬದಲಾವಣೆ. ಕರ್ಪೂರವನ್ನೇ ನೋಡಿ. ತೆರೆದಿಟ್ಟ ಕರ್ಪೂರದ ಬಿಲ್ಲೆ ದಿನದಿಂದ ದಿನಕ್ಕೆ ಸಣ್ಣದಾಗಿ ಕೊನೆಗೆ ಕಾಣೆಯಾಗುತ್ತದೆ. ಹಚ್ಚಿದ ಬಿಲ್ಲೆಯೂ ಕೆಲವೇ ನಿಮಿಷಗಳಲ್ಲಿ ಕಾಣೆಯಾಗುತ್ತದೆ. ಕಣ್ಣಿಗೆ ಎರಡರ ಕೊನೆಯೂ ಒಂದೇ, ಬರಿದಾದ ತಟ್ಟೆ. ಆದರೆ ಮೊದಲನೆಯದರಲ್ಲಿ ಕೋಣೆಯ ತುಂಬ ಕರ್ಪೂರದ ವಾಸನೆ ಇರುತ್ತದೆ, ಏಕೆಂದರೆ ಕರ್ಪೂರದ ಅಣುಗಳು ಇಡಿಯಾಗಿಯೇ ಗಾಳಿಗೆ ಸೇರಿವೆ. ಘನ ನೇರವಾಗಿ ಆವಿಯಾಗುವ ಇದನ್ನು ಉತ್ಪತನ ಎನ್ನುತ್ತೇವೆ. ಎರಡನೆಯದರಲ್ಲಿ ಹತ್ತು ಇಂಗಾಲ, ಹದಿನಾರು ಹೈಡ್ರೋಜನ್, ಒಂದು ಆಮ್ಲಜನಕದ ಪರಮಾಣುಗಳಿದ್ದ ಆ ಅಣುವೇ ಚೆದುರಿ ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಮತ್ತು ಮಸಿಯಾಗಿ ಹೋಗಿದೆ.

ನೀರು ಕುದಿಯುವುದನ್ನು ಭೌತ ಬದಲಾವಣೆ ಎಂದು ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಆದರೆ ಆ ಗುಳ್ಳೆಗಳ ಒಳಗೆ ಏನಿದೆ ಎಂದು ಕೇಳಿದರೆ ಗಾಳಿ ಎಂದೋ, ಹೈಡ್ರೋಜನ್ ಮತ್ತು ಆಮ್ಲಜನಕ ಎಂದೋ ಉತ್ತರ ಬರುವುದನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕುದಿಯುವ ನೀರಿನ ಗುಳ್ಳೆಯಲ್ಲಿರುವುದು ನೀರೇ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗ್ರಾಂ ನೀರು ಆವಿಯಾದಾಗ ಸುಮಾರು 1.7 ಲೀಟರ್ ಜಾಗ ತುಂಬುತ್ತದೆ. ಅಣುಗಳು ಅಷ್ಟು ದೂರ ಸರಿದಿರುತ್ತವೆ, ಆದರೆ ಒಂದು ಅಣುವೂ ಮುರಿದಿರುವುದಿಲ್ಲ. ಇದಕ್ಕೆ ಬೇಕಾಗುವ ಶಾಖ ಗ್ರಾಂ ಒಂದಕ್ಕೆ ಸುಮಾರು 2,260 ಜೂಲ್. ಅದೇ 1 ಗ್ರಾಂ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬೇಕಾದರೆ ಸುಮಾರು 15,900 ಜೂಲ್ ಬೇಕು, ಎಂದರೆ ಏಳು ಪಟ್ಟು. ಅಣುಗಳನ್ನು ಒಂದರಿಂದೊಂದು ಬಿಡಿಸುವುದಕ್ಕೂ ಅಣುವನ್ನೇ ಒಡೆಯುವುದಕ್ಕೂ ಇರುವ ಅಂತರ ಈ ಎರಡು ಅಂಕಿಗಳಲ್ಲಿ ಕಾಣುತ್ತದೆ.

ಈಗ ಗಾಜಿಗೆ ಬರೋಣ. ಒಡೆದ ಲೋಟದ ಪ್ರತಿಯೊಂದು ಚೂರೂ ಗಾಜೇ. ಕುಲುಮೆಯಲ್ಲಿ ಕರಗಿಸಿದರೆ ಅದರಿಂದ ಮತ್ತೊಂದು ಲೋಟ ಮಾಡಬಹುದು, ಲೋಕದಲ್ಲಿ ಗಾಜಿನ ಮರುಬಳಕೆ ನಡೆಯುತ್ತಿರುವುದೇ ಹೀಗೆ. ಕಟ್ಟುನಿಟ್ಟಾಗಿ ನೋಡಿದರೆ ಬಿರುಕು ಹಾಯ್ದ ಗೆರೆಯ ಉದ್ದಕ್ಕೂ ಸಿಲಿಕಾನ್ ಮತ್ತು ಆಮ್ಲಜನಕದ ನಡುವಿನ ಕೆಲವು ಬಂಧಗಳು ಕಡಿದಿರುತ್ತವೆ ಎಂಬುದು ನಿಜ. ಆದರೆ ಒಂದು ಸೆಂಟಿಮೀಟರ್ ಅಗಲದ ಚೂರಿನಲ್ಲಿ ಪರಮಾಣುಗಳ ಕೋಟಿಗಟ್ಟಲೆ ಪದರಗಳಿದ್ದು, ಅಂಚಿನ ಒಂದೆರಡು ಪದರಗಳಷ್ಟೇ ಇದರಿಂದ ಬಾಧಿತವಾಗುವುದರಿಂದ ಯಾವ ರಸಾಯನಶಾಸ್ತ್ರಜ್ಞರೂ ಗಾಜು ಒಡೆಯುವುದನ್ನು ರಾಸಾಯನಿಕ ಬದಲಾವಣೆ ಎಂದು ಕರೆಯುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಉತ್ತರ ತಿರುವುಮುರುವು. ಮೊಬೈಲ್ ಬ್ಯಾಟರಿ ಖಾಲಿಯಾಗುವಾಗ ಲಿಥಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಒಂದು ಧ್ರುವದ ಪದರಗಳ ನಡುವಿನಿಂದ ಹೊರಟು ಇನ್ನೊಂದು ಧ್ರುವದ ಪದರಗಳ ನಡುವೆ ಸೇರಿಕೊಳ್ಳುತ್ತವೆ, ಜೊತೆಯಲ್ಲೇ ಅಲ್ಲಿನ ಲೋಹದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಪಡೆಯುತ್ತವೆ. ಚಾರ್ಜ್ ಮಾಡುವಾಗ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ: ಒಂದು ಫಲಕದ ಸೀಸವೂ ಇನ್ನೊಂದು ಫಲಕದ ಸೀಸದ ಡೈಆಕ್ಸೈಡೂ ಆಮ್ಲದೊಡನೆ ವರ್ತಿಸಿ ಸೀಸದ ಸಲ್ಫೇಟ್ ಆಗುತ್ತವೆ, ವಿದ್ಯುತ್ತನ್ನು ಎದುರು ದಿಕ್ಕಿನಲ್ಲಿ ಹರಿಸಿದರೆ ಮತ್ತೆ ಮೊದಲಿನ ರೂಪಕ್ಕೆ ಬರುತ್ತವೆ. ಹೋಗುವಾಗಲೂ ಬರುವಾಗಲೂ ನಡೆಯುವುದು ರಾಸಾಯನಿಕ ಬದಲಾವಣೆಯೇ.

ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ಹದಿನೆಂಟನೆಯ ಶತಮಾನದ ಕೊನೆಗೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ಮಾಡಿದ ಪ್ರಯೋಗವಿದೆ. ಅವರು ಪಾದರಸವನ್ನು ಸೀಮಿತ ಗಾಳಿಯ ಸಂಪರ್ಕದಲ್ಲಿಟ್ಟು ಹನ್ನೆರಡು ದಿನ ಕಾಯಿಸಿದರು. ಪಾದರಸದ ಮೇಲೆ ಕೆಂಪು ಪುಡಿ ಕಟ್ಟಿತು, ಒಳಗಿನ ಗಾಳಿಯ ಒಂದು ಪಾಲು ಕಡಿಮೆಯಾಯಿತು. ಆ ಕೆಂಪು ಪುಡಿಯನ್ನು ಬೇರೆಯಾಗಿ ತೆಗೆದು ಇನ್ನೂ ಜೋರಾಗಿ ಕಾಯಿಸಿದಾಗ ಹೊಳೆಯುವ ಪಾದರಸ ಮರಳಿ ಬಂತು, ಜೊತೆಗೆ ಹೊರಬಂದ ಅನಿಲವು ಮೊದಲು ಕಡಿಮೆಯಾಗಿದ್ದ ಗಾಳಿಯ ಅಳತೆಗೆ ಸರಿಹೊಂದಿತು. ಆ ಅನಿಲವೇ ಆಮ್ಲಜನಕ. ಆಧುನಿಕ ರಸಾಯನಶಾಸ್ತ್ರದ ಅಡಿಪಾಯದಲ್ಲಿರುವ ಈ ಪ್ರಯೋಗವೇ ಮರಳಿಸಬಹುದಾದ ರಾಸಾಯನಿಕ ಬದಲಾವಣೆಗೆ ಉದಾಹರಣೆಯಾಗಿದೆ. (ಪಾದರಸದ ಆವಿ ವಿಷ, ಇದನ್ನು ಓದಿ ತಿಳಿಯಬೇಕೇ ಹೊರತು ಮಾಡಿ ನೋಡಬಾರದು.)

ಮಗಳ ಜೊತೆ ಕುಳಿತು ಮಾಡಿ ನೋಡಬಹುದಾದದ್ದು ಮೇಣದಬತ್ತಿ. ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1848ರಲ್ಲಿ ಒಮ್ಮೆ, 1860ರ ಚಳಿಗಾಲದಲ್ಲಿ ಇನ್ನೊಮ್ಮೆ ಮಕ್ಕಳಿಗಾಗಿ ಇದೊಂದೇ ವಸ್ತುವಿನ ಮೇಲೆ ಉಪನ್ಯಾಸಮಾಲೆ ನಡೆಸಿದ್ದರು. ಅಷ್ಟು ಸಂಗತಿ ಅದರಲ್ಲಿದೆ. ಗಾಳಿ ಬೀಸದ ಕಡೆ ಬತ್ತಿಯನ್ನು ಹಚ್ಚಿ ಐದು ನಿಮಿಷ ಬಿಡಿ. ಬತ್ತಿಯ ಬುಡದಲ್ಲಿ ಬಟ್ಟಲಿನಂತೆ ಗುಳಿ ಬಿದ್ದು ತಿಳಿಯಾದ ಮೇಣ ನಿಲ್ಲುತ್ತದೆ. ಅದರ ಒಂದು ಹನಿ ತಟ್ಟೆಯ ಮೇಲೆ ಬಿದ್ದರೆ ಕ್ಷಣದಲ್ಲಿ ಮಬ್ಬಾಗಿ ಗಟ್ಟಿಯಾಗುತ್ತದೆ. ಅದು ಮೊದಲಿದ್ದ ಮೇಣವೇ. ಬಟ್ಟಲಿನ ದ್ರವ ಬತ್ತಿಯ ನೂಲಿನ ಸಂದುಗಳಲ್ಲಿ ಮೇಲೇರುತ್ತದೆ, ತುದಿಯ ಬಿಸಿಗೆ ಆವಿಯಾಗುತ್ತದೆ. ಇಲ್ಲಿಯವರೆಗೂ ನಡೆದದ್ದೆಲ್ಲ ಭೌತ ಬದಲಾವಣೆ. ಈಗ ಮೆಲ್ಲಗೆ ಊದಿ ದೀಪವನ್ನು ಆರಿಸಿ. ಬತ್ತಿಯಿಂದ ಬೆಳ್ಳಗಿನ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಅದು ಸುಟ್ಟ ಹೊಗೆಯೆಂದು ನಾವು ತಿಳಿಯುತ್ತೇವೆ, ನಿಜದಲ್ಲಿ ಅದು ಬಹುಪಾಲು ಉರಿಯುವ ಅವಕಾಶ ತಪ್ಪಿಹೋದ ಮೇಣದ ಆವಿ, ತಣ್ಣಗಾಗಿ ಸಣ್ಣ ಸಣ್ಣ ಕಣಗಳಾಗಿ ಬೆಳ್ಳಗೆ ಕಾಣುತ್ತಿರುತ್ತದೆ. ಉರಿಯುವ ಬೆಂಕಿಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಎಳೆಗೆ ಎರಡು ಸೆಂಟಿಮೀಟರ್ ಮೇಲೆ ಹಿಡಿಯಿರಿ. ಜ್ವಾಲೆ ಎಳೆಯಗುಂಟ ಕೆಳಗಿಳಿದು ಬತ್ತಿಯನ್ನು ಹೊತ್ತಿಸುತ್ತದೆ. ಉರಿಯುವುದು ಮೇಣದ ಆವಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ರಾಸಾಯನಿಕ ಬದಲಾವಣೆ ನಡೆಯುವುದು ಜ್ವಾಲೆಯಲ್ಲಿ. ಅಲ್ಲಿ 1 ಗ್ರಾಂ ಮೇಣ ಗಾಳಿಯಿಂದ ಸುಮಾರು 3.5 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು ಸುಮಾರು 3.1 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 1.3 ಗ್ರಾಂ ನೀರಾಗುತ್ತದೆ. ಉರಿದು ಮುಗಿದ ಮೇಣದಬತ್ತಿ ಏನೂ ಉಳಿಯದೆ ಹೋಯಿತು ಎಂದುಕೊಳ್ಳುತ್ತೇವೆ, ಆದರೆ ಹೊರಬಂದದ್ದರ ತೂಕ ಮೇಣದ ತೂಕದ ನಾಲ್ಕು ಪಟ್ಟಿಗೂ ಹೆಚ್ಚು. ಜ್ವಾಲೆಯ ಹಳದಿ ಬೆಳಕಿನಲ್ಲಿ ಮತ್ತೆ ಭೌತ ಸಂಗತಿಯೊಂದು ಅಡಗಿದೆ: ಇನ್ನೂ ಪೂರ್ತಿ ಉರಿಯದ ಮಸಿಯ ಕಣಗಳು ಕಾದು ಹೊಳೆಯುವುದರಿಂದ ಆ ಬಣ್ಣ ಬರುತ್ತದೆ, ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ಹೊಳೆಯುವಂತೆಯೇ. ಆದ್ದರಿಂದ ಮೇಣದಬತ್ತಿ ಉರಿಯುವುದು ಯಾವ ಬದಲಾವಣೆ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಹುಡುಕುವುದು ತಪ್ಪು. ಬದಲಾವಣೆಗೆ ಹೆಸರಿಡುವ ಮೊದಲು ಅದನ್ನು ಹಂತ ಹಂತವಾಗಿ ಬಿಡಿಸಿ ನೋಡಬೇಕು, ಹೆಸರು ಒಂದೊಂದು ಹಂತಕ್ಕೆ ಸಲ್ಲುತ್ತದೆ. ಹಣ್ಣನ್ನು ಕೊಯ್ಯುವುದು ಭೌತ, ಕೊಯ್ದ ಹೋಳು ಗಾಳಿಗೆ ಕಂದುಬಣ್ಣಕ್ಕೆ ತಿರುಗುವುದು ರಾಸಾಯನಿಕ.

ಬಣ್ಣ ಬದಲಾಯಿತು, ಗುಳ್ಳೆ ಬಂತು, ಬಿಸಿಯಾಯಿತು, ತಳದಲ್ಲಿ ಗಸಿ ಕೂತಿತು ಎಂಬ ಚಿಹ್ನೆಗಳನ್ನು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅವು ಸುಳಿವುಗಳು ಮಾತ್ರ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಬರುವ ಗುಳ್ಳೆ ಬಹುಮಟ್ಟಿಗೆ ಒತ್ತಡದಲ್ಲಿ ಕರಗಿದ್ದ ಅನಿಲ ಹೊರಬರುವುದು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದಾಗ ಬರುವ ಗುಳ್ಳೆಯಲ್ಲಿರುವುದೂ ಅದೇ ಇಂಗಾಲದ ಡೈಆಕ್ಸೈಡ್, ಆದರೆ ಅದು ಆಗಷ್ಟೇ ಹುಟ್ಟಿದ್ದು. ನೀರು ಹೆಪ್ಪುಗಟ್ಟುವಾಗಲೂ ಗ್ರಾಂ ಒಂದಕ್ಕೆ 334 ಜೂಲ್ ಶಾಖ ಹೊರಬರುತ್ತದೆ, ಅಲ್ಲಿ ಯಾವ ಹೊಸ ವಸ್ತುವೂ ಇಲ್ಲ.

ಈ ಚಿಹ್ನೆಗಳಿಗಿಂತ ನನಗೆ ಹೆಚ್ಚು ನಂಬಿಕೆಯಿರುವುದು ತಕ್ಕಡಿಯ ಮೇಲೆ. ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಅದು ಸವೆದು ಹಗುರವಾಗುತ್ತದೆ ಎಂದೇ ನೋಡಿದವರಿಗೆ ಅನ್ನಿಸುತ್ತದೆ. ಉದುರಿದ ಪುಡಿಯನ್ನೂ ಕೂಡಿಸಿ ತೂಗಿದರೆ ತೂಕ ಹೆಚ್ಚಾಗಿರುತ್ತದೆ. 10 ಗ್ರಾಂ ಕಬ್ಬಿಣ ಪೂರ್ತಿಯಾಗಿ ಆಕ್ಸೈಡ್ ಆದರೆ 14.3 ಗ್ರಾಂ ಆಗುತ್ತದೆ, ತುಕ್ಕಿನಲ್ಲಿ ಸೇರಿಕೊಂಡಿರುವ ನೀರಿನ ಅಂಶವನ್ನು ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಆ ಹೆಚ್ಚಿನ ತೂಕ ಎಲ್ಲಿಂದ ಬಂತು ಎಂಬುದನ್ನೂ ಕಾಣಬಹುದು. ಸಾಮಾನ್ಯ ಉಕ್ಕಿನ ಸಣ್ಣ ಎಳೆಗಳ ಉಂಡೆಯೊಂದನ್ನು (ಸ್ಟೇನ್‌ಲೆಸ್ ಆಗಿರಬಾರದು) ವಿನೆಗರಿನಲ್ಲಿ ನೆನೆಸಿ, ಹಿಂಡಿ, ಎತ್ತರದ ಗಾಜಿನ ಲೋಟದ ತಳಕ್ಕೆ ಒತ್ತಿ ಕೂರಿಸಿ, ಲೋಟವನ್ನು ನೀರಿನ ತಟ್ಟೆಯಲ್ಲಿ ಬೋರಲಾಗಿ ನಿಲ್ಲಿಸಿ. ಒಂದೆರಡು ದಿನಗಳಲ್ಲಿ ಎಳೆಗಳು ಕೆಂಪಾಗಿ, ನೀರು ಲೋಟದೊಳಗೆ ಹೆಚ್ಚುಕಡಿಮೆ ಐದನೆಯ ಒಂದು ಪಾಲಿನಷ್ಟು ಏರಿರುತ್ತದೆ. ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು ನೂರಕ್ಕೆ 21 ಪಾಲು. ಅದು ಈಗ ತುಕ್ಕಿನೊಳಗಿದೆ.

ಇನ್ನು ಉಪ್ಪಿನ ವಿಷಯ. ಇಲ್ಲಿ ಗೊಂದಲದ ಒಂದು ಪಾಲು ನಮ್ಮ ಭಾಷೆಯಿಂದಲೂ ಬಂದಿದೆ ಎಂದು ನನಗೆ ತೋರುತ್ತದೆ. ಮೇಣ ಕರಗಿತು, ಉಪ್ಪು ಕರಗಿತು, ಆಮ್ಲದಲ್ಲಿ ಸತು ಕರಗಿತು ಎಂದು ಮೂರಕ್ಕೂ ಒಂದೇ ಕ್ರಿಯಾಪದವನ್ನು ಬಳಸುತ್ತೇವೆ. ಮೊದಲನೆಯದರಲ್ಲಿ ಘನ ದ್ರವವಾಯಿತು. ಎರಡನೆಯದರಲ್ಲಿ ಒಂದು ವಸ್ತು ಇನ್ನೊಂದರಲ್ಲಿ ಹರಡಿಕೊಂಡಿತು. ಮೂರನೆಯದು ಇವೆರಡರ ಹಾಗಿಲ್ಲ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸತು ಮಾಯವಾದ ಮೇಲೆ ಆ ದ್ರವವನ್ನು ಆರಿಸಿದರೆ ಸತುವಿನ ಚೂರು ಸಿಗುವುದಿಲ್ಲ, ಸತುವಿನ ಕ್ಲೋರೈಡ್ ಎಂಬ ಬಿಳಿಯ ಲವಣ ಸಿಗುತ್ತದೆ, ನಡುವೆ ಹೈಡ್ರೋಜನ್ ಅನಿಲ ಹೊರಟುಹೋಗಿರುತ್ತದೆ. ‘ಒಣಗಿತು’ ಎಂಬ ಮಾತಿನದೂ ಇದೇ ಕಥೆ. ಒದ್ದೆ ಬಟ್ಟೆ ಒಣಗುವುದೆಂದರೆ ನೀರು ಹೊರಹೋಗುವುದು. ಸಿಮೆಂಟ್ ಗಟ್ಟಿಯಾಗುವುದೆಂದರೆ ನೀರು ಸಿಮೆಂಟಿನೊಡನೆ ರಾಸಾಯನಿಕವಾಗಿ ಸೇರಿಕೊಳ್ಳುವುದು. ಸಿಮೆಂಟ್ ನೀರಿನ ಅಡಿಯಲ್ಲೂ ಗಟ್ಟಿಯಾಗುವುದು ಈ ಕಾರಣಕ್ಕೆ, ಹೊಸ ಕಾಂಕ್ರೀಟಿಗೆ ದಿನಗಟ್ಟಲೆ ನೀರುಣಿಸುವುದೂ ಇದೇ ಕಾರಣಕ್ಕೆ.

ಸಕ್ಕರೆ ನೀರಿನಲ್ಲಿ ಕರಗಿದಾಗ ಸಕ್ಕರೆಯ ಅಣುಗಳು ಒಂದರಿಂದೊಂದು ಬಿಡಿಸಿಕೊಂಡು ನೀರಿನ ಅಣುಗಳ ನಡುವೆ ಹೋಗುತ್ತವೆ. ಒಂದೊಂದು ಅಣುವೂ ಇಡಿಯಾಗಿರುತ್ತದೆ, ಇಲ್ಲಿ ಯಾರಿಗೂ ತಕರಾರಿಲ್ಲ. ಉಪ್ಪಿನಲ್ಲಿ ಅಣುಗಳೆಂಬುದೇ ಇಲ್ಲ. ಉಪ್ಪಿನ ಹರಳು ಧನ ವಿದ್ಯುದಂಶದ ಸೋಡಿಯಂ ಅಯಾನುಗಳೂ ಋಣ ವಿದ್ಯುದಂಶದ ಕ್ಲೋರೈಡ್ ಅಯಾನುಗಳೂ ಸಾಲುಸಾಲಾಗಿ ಜೋಡಿಸಿಕೊಂಡ ಕಟ್ಟಡ. ಬೆಂಕಿಯಿಂದ ಅದನ್ನು ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ತಣ್ಣೀರಿನ ಲೋಟ ಅದೇ ಕಟ್ಟಡವನ್ನು ಒಂದೆರಡು ನಿಮಿಷದಲ್ಲಿ ಬಿಚ್ಚಿಹಾಕುತ್ತದೆ. ಏಕೆಂದರೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಸೆಳೆದುಕೊಳ್ಳುತ್ತವೆ. ಹರಳಿನೊಳಗಿನ ಬಂಧ ಕಡಿಯಿತು, ಅಯಾನಿಗೂ ನೀರಿಗೂ ನಡುವೆ ಹೊಸ ಸೆಳೆತ ಏರ್ಪಟ್ಟಿತು, ಆದ್ದರಿಂದ ಇದು ರಾಸಾಯನಿಕ ಎಂದು ಕೆಲವರು ವಾದಿಸುತ್ತಾರೆ. ನೀವು ನೋಡಿದ ಒಂದು ಪುಸ್ತಕ ಈ ಪಕ್ಷದ್ದಿರಬೇಕು. ವಾದದಲ್ಲಿ ಹುರುಳಿದೆ. ಆದರೂ ನಾನು ಇದನ್ನು ಭೌತ ಬದಲಾವಣೆಯ ಕಡೆಗೇ ಇಡುತ್ತೇನೆ, ಏಕೆಂದರೆ ಹರಳಿನಲ್ಲಿದ್ದ ಸೋಡಿಯಂ ಅಯಾನೇ ನೀರಿನಲ್ಲಿಯೂ ಸೋಡಿಯಂ ಅಯಾನಾಗಿ ಉಳಿದಿದೆ, ಕ್ಲೋರೈಡ್ ಕ್ಲೋರೈಡಾಗಿಯೇ ಇದೆ, ಯಾವುದೂ ಎಲೆಕ್ಟ್ರಾನ್ ಕೊಟ್ಟಿಲ್ಲ, ಪಡೆದಿಲ್ಲ. ಇದನ್ನು ಹೈಡ್ರೋಜನ್ ಕ್ಲೋರೈಡ್ ಅನಿಲ ನೀರಿನಲ್ಲಿ ಕರಗುವುದಕ್ಕೆ ಹೋಲಿಸಿ ನೋಡಿ. ಆ ಅನಿಲದಲ್ಲಿ ಅಯಾನುಗಳಿರಲಿಲ್ಲ. ನೀರಿಗೆ ಸೇರಿದಾಗ ಅದರ ಅಣು ಮುರಿದು ಹೈಡ್ರೋಜನ್ ಹೋಗಿ ನೀರಿನ ಅಣುವಿಗೆ ಅಂಟಿಕೊಳ್ಳುತ್ತದೆ. ಕರಗುವುದೇ ಆದರೂ ಅದು ನಿಸ್ಸಂದೇಹವಾಗಿ ರಾಸಾಯನಿಕ ಬದಲಾವಣೆ.

ಈ ಎರಡರ ನಡುವೆ ನಿಲ್ಲುವುದು ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟ್. ಅದರ ನೀಲಿ ಹರಳುಗಳನ್ನು ಕಾಯಿಸಿದರೆ ನೀರು ಹೊರಬಿದ್ದು ಬಿಳಿಯ ಪುಡಿ ಉಳಿಯುತ್ತದೆ. ಆ ಪುಡಿಗೆ ಒಂದು ಹನಿ ನೀರು ಬಿಟ್ಟರೆ ಬಿಸಿಯಾಗಿ ಮತ್ತೆ ನೀಲಿಗೆ ತಿರುಗುತ್ತದೆ. ಇಲ್ಲಿ ನೀರಿನ ಅಣುಗಳು ತಾಮ್ರದ ಅಯಾನಿಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ, ಬೇರೆ ಸೂತ್ರದ ಬೇರೆ ಸಂಯುಕ್ತ ಉಂಟಾಗುತ್ತದೆ, ಆದ್ದರಿಂದ ಇದನ್ನು ರಾಸಾಯನಿಕ ಎನ್ನುವುದು ಸರಿ. ಪ್ರಕೃತಿಯಲ್ಲಿ ಬಂಧಗಳು ದುರ್ಬಲದಿಂದ ಬಲವಾದವುಗಳವರೆಗೆ ನಡುವೆ ಗೋಡೆಯಿಲ್ಲದೆ ಹರಡಿಕೊಂಡಿವೆ. ಗೆರೆ ಎಳೆದವರು ನಾವು, ಹಾಗಾಗಿ ಗೆರೆಯ ಮೇಲೆಯೇ ಕೆಲವು ಉದಾಹರಣೆಗಳು ಬಂದು ಕೂರುತ್ತವೆ.

ಬೇಯಿಸಿದ ಮೊಟ್ಟೆಯೂ ಅಂಥದ್ದೇ. ಸುಮಾರು 60 ಡಿಗ್ರಿ ದಾಟಿದಾಗ ಬಿಳಿಯ ಭಾಗದ ಪ್ರೋಟೀನುಗಳು ತಮ್ಮ ಮಡಿಕೆಗಳನ್ನು ಬಿಚ್ಚಿಕೊಂಡು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಪ್ರೋಟೀನಿನ ಸರಪಳಿ ಕಡಿಯುವುದಿಲ್ಲ, ಆದರೆ ಸರಪಳಿಗಳ ನಡುವೆ ಗಂಧಕದ ಹೊಸ ಬಂಧಗಳು ಬೀಳುತ್ತವೆ, ಅದಕ್ಕಾಗಿ ಇದನ್ನು ನಾನು ರಾಸಾಯನಿಕ ಎಂದೇ ಎಣಿಸುತ್ತೇನೆ. 2015ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಬೇಯಿಸಿದ ಬಿಳಿಯನ್ನು ಯೂರಿಯಾದಿಂದ ದ್ರವವಾಗಿಸಿ, ವೇಗವಾಗಿ ತಿರುಗುವ ಕೊಳವೆಯಲ್ಲಿ ಹಾಕಿ, ಅದರಲ್ಲಿದ್ದ ಲೈಸೋಜೈಮ್ ಎಂಬ ಪ್ರೋಟೀನನ್ನು ಮೊದಲಿನಂತೆ ಮಡಿಚಿ ತೋರಿಸಿದರು. ಮರಳಿಸಲಾಗದ ಬದಲಾವಣೆಗೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ ಇದಾಗಿತ್ತು.

ಪರೀಕ್ಷೆಯಲ್ಲಿ ಉಪ್ಪು ಕರಗುವುದನ್ನು ಮಗಳು ಭೌತ ಬದಲಾವಣೆ ಎಂದು ಬರೆಯಲಿ, ‘ಹೊಸ ವಸ್ತು ಉಂಟಾಗಿಲ್ಲ’ ಎಂಬ ಕಾರಣವನ್ನೂ ಜೊತೆಗೆ ಬರೆಯಲಿ. ಮನೆಯಲ್ಲಿ ಮಾಡಿ ನೋಡಲು ಸಕ್ಕರೆ ಸಾಕು. ಒಂದು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಅಗಲವಾದ ತಟ್ಟೆಯಲ್ಲಿ ಕೆಲವು ದಿನ ಬಿಡಿ, ಸಿಹಿಯಾದ ಹರಳುಗಳೇ ಉಳಿಯುತ್ತವೆ. ಇನ್ನೊಂದು ಚಮಚವನ್ನು ಸ್ಟೀಲಿನ ಸೌಟಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ನೀವೇ ಕಾಯಿಸಿ. ಕಾದ ಸಕ್ಕರೆ ಚರ್ಮಕ್ಕೆ ತಗುಲಿದರೆ ಆಳವಾಗಿ ಸುಡುವುದರಿಂದ ಮಗಳು ದೂರ ನಿಂತು ನೋಡಲಿ. ಸಕ್ಕರೆ ದ್ರವವಾಗುತ್ತದೆ, ಹೊಂಬಣ್ಣಕ್ಕೆ ತಿರುಗುತ್ತದೆ, ಕಂದಾಗಿ ಕಹಿವಾಸನೆ ಬಿಡುತ್ತದೆ, ಕೊನೆಗೆ ಕಪ್ಪಗೆ ಉಬ್ಬುತ್ತದೆ. ಆಗ ಮೇಲೆ ಒಂದು ತಣ್ಣನೆಯ ತಟ್ಟೆಯನ್ನು ಓರೆಯಾಗಿ ಹಿಡಿದರೆ ಅದರ ಅಡಿಗೆ ತೇವ ಕಟ್ಟುತ್ತದೆ. ಸೌಟಿಗೆ ಹಾಕಿದ ಸಕ್ಕರೆ ಒಣಗಿಯೇ ಇತ್ತು. ಆ ನೀರು ಅದರೊಳಗೆ ನೀರಾಗಿ ಅಡಗಿರಲಿಲ್ಲ. ಅಣುವಿನಲ್ಲಿ ಇಂಗಾಲಕ್ಕೆ ಅಂಟಿಕೊಂಡಿದ್ದ ಹೈಡ್ರೋಜನ್ನೂ ಆಮ್ಲಜನಕವೂ ಅಲ್ಲಿಂದ ಬಿಡಿಸಿಕೊಂಡು ಸೌಟಿನ ಮೇಲೆಯೇ, ಆ ಹೊತ್ತಿನಲ್ಲೇ, ನೀರಾದವು.